ಕಂಬಳಿಯ ಮೇಲಿನ ಲಗ್ನ, ವೇದಿಕೆಯ ಮೇಲಿನ ಹಿಂದೂ

ಹೊಸದಾಗಿ ಸನ್ನದು ಪಡೆದು ಕರಿ ಕೋಟು ಹೊಲಿಸಿಕೊಂಡ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, 'ಸರ್, ನಿಮ್ಮ ಅನುಭವ ಹೇಳ್ರಿ' ಎನ್ನುತ್ತಾರೆ. ಅವರಿಗೆ ಬೇಕಾದದ್ದು ನಾನು ಗೆದ್ದ ಪ್ರಕರಣಗಳು. ನಿಜ ಹೇಳಿದರೆ ಅವರು ಬೇಸರಪಟ್ಟುಕೊಳ್ಳುತ್ತಾರೆ. ನಾನು ಗೆದ್ದವುಗಳಲ್ಲಿ ಬಹಳಷ್ಟು ಎದುರಿನ ವಕೀಲರು ಗೈರುಹಾಜರಾದದ್ದರಿಂದ ಗೆದ್ದವು. ಇನ್ನು ಕೆಲವು, ಕಕ್ಷಿದಾರರು ಮಾವಿನಕಾಯಿ ಉಪ್ಪಿನಕಾಯಿ ಹಾಕುವ ಹೊತ್ತಿಗೆ ತಾವೇ ರಾಜಿಯಾದದ್ದರಿಂದ ಗೆದ್ದವು. ನನ್ನ ಬುದ್ಧಿಯಿಂದ ಗೆದ್ದೆ ಎಂದುಕೊಂಡಿದ್ದ ಒಂದೇ ಒಂದು ಪ್ರಕರಣ ಇದೆ. ಅದನ್ನೇ ಬರೆಯುತ್ತೇನೆ. ಓದಿದ ಮೇಲೆ ಅದು ಯಾರ ಬುದ್ಧಿ ಎಂದು ನೀವೇ ತೀರ್ಮಾನಿಸಿ.

ನಾನು ವಕೀಲನಾದದ್ದು ನ್ಯಾಯದ ಮೇಲಿನ ಪ್ರೀತಿಯಿಂದಲ್ಲ, ವಾದದ ಚಪಲದಿಂದ. ಎಂಬತ್ತರ ದಶಕದಲ್ಲಿ ನಮ್ಮ ಕಡೆಯ ಕಾಲೇಜುಗಳಲ್ಲಿ ಚರ್ಚಾಸ್ಪರ್ಧೆಯ ಹುಚ್ಚು ಕುಸ್ತಿಯ ಹುಚ್ಚಿಗಿಂತ ಕಡಿಮೆಯಿರಲಿಲ್ಲ. ನಾಣ್ಯ ಚಿಮ್ಮುತ್ತಿದ್ದರು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. 'ಹಿಂದೂ ಎಂಬುದೇ ಈ ರಾಷ್ಟ್ರದ ಗುಣ' ಎಂಬ ವಿಷಯದ ಮೇಲೆ ನಾನು ನಿಪ್ಪಾಣಿಯಲ್ಲಿ ಪರವಾಗಿ ಮಾತಾಡಿ ಶೀಲ್ಡ್ ತಂದೆ. ಅದೇ ವಿಷಯದ ಮೇಲೆ ಅಥಣಿಯಲ್ಲಿ ವಿರುದ್ಧವಾಗಿ ಮಾತಾಡಿ ಇನ್ನೊಂದು ತಂದೆ. ಎರಡೂ ಊರಿನ ಚಪ್ಪಾಳೆ ಒಂದೇ ಥರ ಇತ್ತು. ದೇವರ ಮೇಲೆ ನನಗೆ ಸಂದೇಹ ಹುಟ್ಟಿದ್ದು ಆಮೇಲೆ; ಮೊದಲು ಹುಟ್ಟಿದ್ದು ಚಪ್ಪಾಳೆಯ ಮೇಲೆ. ನಮ್ಮವ್ವ ಮಾತ್ರ ಯಾವ ಸಂದೇಹವೂ ಇಲ್ಲದೆ ಒಂದು ಶೀಲ್ಡನ್ನು ನೀರಿನ ರಂಜಣಿಗೆಗೆ ಮುಚ್ಚಳ ಮಾಡಿಕೊಂಡಳು.

ಚಿಕ್ಕೋಡಿಯಲ್ಲಿ ನನ್ನನ್ನು ಜೂನಿಯರ್ ಮಾಡಿಕೊಂಡವರು ದೇಸಾಯಿ ಕಾಕಾ. ಚಹಾದ ಅಂಗಡಿಯೊಂದರ ಮಾಳಿಗೆಯ ಮೇಲೆ ಅವರ ಕಚೇರಿ. ಕೆಳಗೆ ಚಹಾ ಕುದಿಯುತ್ತಿದ್ದರೆ ಮೇಲೆ ಕಕ್ಷಿದಾರರು ಕುದಿಯುತ್ತಿದ್ದರು. ಈಗ ನೀವು ಮೊಬೈಲಿನಲ್ಲಿ ಬೆರಳಾಡಿಸಿ ತೀರ್ಪು ಹುಡುಕುತ್ತೀರಿ. ಆಗ ಕಾಕಾನ ಕಪಾಟಿನ ಕೀಲಿ ಸಿಕ್ಕರೆ ಕಾನೂನು ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ನಾನು ಬಂದ ಮೊದಲ ವಾರವೇ 'ಲೇ ಶೀಲ್ಡು' ಎಂದರು. ಕೊನೆಯವರೆಗೂ ಅದೇ ಉಳಿಯಿತು.

ಹಿಂದೂ ಅಂದರೆ ಯಾರು ಎಂಬುದರ ಮೇಲೆ ಎರಡು ಶೀಲ್ಡ್ ಗೆದ್ದ ನನಗೆ ಅದರ ಅರ್ಥ ಗೊತ್ತಿಲ್ಲ ಎಂದು ತಿಳಿದದ್ದು ಆ ಮಾಳಿಗೆಯ ಮೇಲೆ. ಬೋರಗಾಂವದಿಂದ ಇಬ್ಬರು ಜೈನ ಅಣ್ಣತಮ್ಮಂದಿರು ಹೊಲದ ಭಾಗ ಮಾಡಿಸಿಕೊಳ್ಳಲು ಬಂದರು. ಕಾಕಾ ಅರ್ಜಿಯಲ್ಲಿ 'ಹಿಂದೂ ಕಾನೂನಿನ ಪ್ರಕಾರ' ಎಂದು ಬರೆಸಿದ್ದು ಕೇಳಿ ದೊಡ್ಡವನು ಎದ್ದು ನಿಂತ.

"ವಕೀಲ್ರ, ನಮ್ಮದು ಬ್ಯಾರೆ ಧರ್ಮ ಐತ್ರಿ."

"ಗೊತ್ತೈತಿ. ಅಪ್ಪನ ಹೊಲಾ ಭಾಗ ಆಗೂತನಕ ಹಿಂದೂ ಆಗಿರ್ರಿ. ಆಮ್ಯಾಲ ಆರಾಮ ಬಸದಿಗೆ ಹೋಗ್ರಿ," ಎಂದರು ಕಾಕಾ.

ಆತ ಸ್ವಲ್ಪ ಯೋಚಿಸಿ ಕುಳಿತ. "ಹಂಗಾರ ಭಾಗಾ ಜಲ್ದಿ ಮಾಡಸ್ರಿ."

ಕಾಂಬಳೆ ಮಾಸ್ತರರಿಗೆ ಇದು ಇಷ್ಟು ಸುಲಭವಾಗಿರಲಿಲ್ಲ. ನಿಪ್ಪಾಣಿಯ ಹತ್ತಿರದವರು, ತಂದೆಯ ಕಾಲಕ್ಕೇ ಬೌದ್ಧರಾದ ಮನೆತನ. ತಮ್ಮನಿಗೆ ನೌಕರಿಯ ಅರ್ಜಿಗೆ ಜಾತಿಯ ದಾಖಲೆ ಬೇಕಾಗಿತ್ತು. ಕಚೇರಿಯವರು, 'ನೀವು ಬೌದ್ಧರು, ಹಿಂದೂ ಅಲ್ಲ, ಆದ್ದರಿಂದ ಪರಿಶಿಷ್ಟರೂ ಅಲ್ಲ' ಎಂದು ವಾಪಸು ಕಳಿಸಿದ್ದರು. ಅದೇ ಹೊತ್ತಿಗೆ ಅವರ ತಂಗಿಯ ಸಂಸಾರದ ತಕರಾರು ಕೋರ್ಟಿನಲ್ಲಿತ್ತು. ಅಲ್ಲಿ ಕಾಯ್ದೆ ಹೇಳುತ್ತಿತ್ತು: ಬೌದ್ಧರಿಗೂ ಹಿಂದೂ ವಿವಾಹ ಕಾಯ್ದೆಯೇ.

"ವಕೀಲ್ರ," ಎಂದರು ಮಾಸ್ತರರು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟು, "ಸೋಮವಾರ ಕೋರ್ಟಿನ್ಯಾಗ ನಾ ಹಿಂದೂ. ಮಂಗಳವಾರ ಕಚೇರ್ಯಾಗ ನಾ ಹಿಂದೂ ಅಲ್ಲ. ಬುಧವಾರ ಸಂತಿಗೆ ಹೋಗೂದೈತಿ. ಅಲ್ಲಿ ಯಾರಂತ ಹೇಳ್ಲಿ?"

ನಾನು ಉತ್ಸಾಹದಿಂದ ಕಾಯ್ದೆಯ ಪುಸ್ತಕ ತೆಗೆದು ಓದಿ ಹೇಳಿದೆ. ಆ ಕಾಯ್ದೆಯಲ್ಲಿ ಹಿಂದೂ ಯಾರು ಎಂಬುದಕ್ಕೆ ಇರುವ ದಾರಿ ಬಹಳ ಸರಳ: ಮುಸಲ್ಮಾನರಲ್ಲ, ಕ್ರೈಸ್ತರಲ್ಲ, ಪಾರ್ಸಿಯಲ್ಲ, ಯಹೂದಿಯಲ್ಲ ಎಂದಾದರೆ ಬಹುತೇಕ ಮುಗಿಯಿತು. ಬೇರೆ ಬಸ್ಸುಗಳೆಲ್ಲ ಹೊರಟುಹೋದ ಮೇಲೆ ನಿಲ್ದಾಣದಲ್ಲಿ ಉಳಿದವರೆಲ್ಲ ಒಂದೇ ಊರಿನವರು ಎಂದ ಹಾಗೆ. ಮಾಸ್ತರರು ಪೂರ್ತಿ ಕೇಳಿಸಿಕೊಂಡು, "ಅಂದ್ರ ನನ್ನ ಗುಣಾ ನೋಡಿ ಅಲ್ಲ, ಬ್ಯಾರೇದಾವರ ಗುಣಾ ನೋಡಿ ನನ್ನ ಹೆಸರಿಟ್ಟಾರ," ಎಂದು ನಕ್ಕರು. ಮುಂದೆ ಸರ್ಕಾರ ಕಾನೂನು ತಿದ್ದಿ ಬೌದ್ಧರನ್ನೂ ಸೇರಿಸಿತು. ಅಷ್ಟರಲ್ಲಿ ಅವರ ತಮ್ಮನ ವಯೋಮಿತಿ ದಾಟಿತ್ತು. ಮಾಸ್ತರರು ನಮ್ಮ ಗೆಳೆಯರಾಗಿ ಉಳಿದರು. ಆ ಪ್ರಕರಣದಲ್ಲಿ ನಮಗೆ ಸಿಕ್ಕ ಫಲ ಅದೊಂದೇ.

ಇನ್ನು ಮಾಳವ್ವನ ವಿಷಯ.

ತೊಂಬತ್ತರ ದಶಕದ ಮೊದಲ ವರ್ಷಗಳು. ರಾಯಬಾಗ ಕಡೆಯ ಒಂದು ಹಳ್ಳಿಯಿಂದ ಮಾಳವ್ವ ತನ್ನ ಅಣ್ಣ ಭರಮಪ್ಪನ ಜೊತೆ ಬಂದಳು. ಕುರಿ ಕಾಯುವ ಮನೆತನ, ಈಗ ಸ್ವಲ್ಪ ಕಬ್ಬಿನ ಹೊಲವೂ ಇತ್ತು. ಗಂಡ ಬೀರಪ್ಪ ನಿಪ್ಪಾಣಿಗೆ ಹೋಗಿ ತಂಬಾಕಿನ ದಲಾಲಿ ಮಾಡಿ ಮುಂದೆ ಬಂದಿದ್ದ. ಅದಕ್ಕಿಂತ ಮುಂದೆ ಬಂದದ್ದು ಅವನ ನಾಲಿಗೆ. ಆ ಕಾಲದಲ್ಲಿ ವಾರಕ್ಕೊಂದರಂತೆ ಹುಟ್ಟುತ್ತಿದ್ದ ಸಂಘಟನೆಗಳಲ್ಲಿ ಒಂದಕ್ಕೆ ಅವನು ಮುಖಂಡ. ಪೋಸ್ಟರಿನ ಮೇಲೆ ಅವನ ಹೆಸರು ವೀರೇಂದ್ರಜೀ. ನಿಪ್ಪಾಣಿಯಲ್ಲೇ ಇನ್ನೊಬ್ಬಳನ್ನು, ಸುನಂದಾ ಎಂಬ ಓದಿದ ಹುಡುಗಿಯನ್ನು, ಹೋಮ ಹಾಕಿಸಿ, ಬ್ಯಾಂಡ್ ಬಾರಿಸಿ, ಅಗ್ನಿಯ ಸುತ್ತ ಏಳು ಹೆಜ್ಜೆ ಇಟ್ಟು ಮದುವೆಯಾಗಿದ್ದ. ಮಾಳವ್ವ ಕೇಳಲು ಹೋದರೆ, 'ನಿನ್ನ ಜೋಡಿ ನನ್ನ ಲಗ್ನನ ಆಗಿಲ್ಲ' ಎಂದಿದ್ದ.

"ಅಂವ ಇನ್ನೊಬ್ಬಾಕಿನ್ನ ತಂದಿದ್ದಕ್ಕ ನಾ ಅಳಾಕ ಬಂದಿಲ್ರಿ," ಎಂದಳು ಮಾಳವ್ವ. "ಅತ್ತು ಮುಗದೈತಿ. ಲಗ್ನನ ಆಗಿಲ್ಲ ಅಂತಾನಲ್ರಿ, ಹಂಗಾರ ಇಷ್ಟು ವರ್ಷ ನಾ ಯಾರ ಮನ್ಯಾಗ ರೊಟ್ಟಿ ಬಡದ್ನಿ? ನನ್ನ ಮಗಳು ಶಾಂತಾಗ ಹಾರೂಗೇರ್ಯಾಗ ವರಾ ಗೊತ್ತ ಮಾಡೇವಿ. ಬೀಗರು ಕೇಳಾಕತ್ತಾರ, ಅವ್ವಂದ ಲಗ್ನ ಆಗಿಲ್ಲಂದ್ರ ಮಗಳು ಯಾರು ಅಂತ. ಅದಕ್ಕೊಂದು ಉತ್ತರಾ ಕೊಡಸ್ರಿ. ಬ್ಯಾರೆ ಏನೂ ಬ್ಯಾಡ."

"ಲಗ್ನ ಹೆಂಗಾಗಿತ್ತವ್ವಾ?" ಎಂದರು ಕಾಕಾ.

"ಹೆಂಗಾಗ್ತೈತಿ ಹಂಗ ಆಗಿತ್ರಿ. ಕರಿ ಕಂಬಳಿ ಹಾಸಿದ್ರು, ಇಬ್ಬರನ್ನೂ ಕುಂಡ್ರಿಸಿದ್ರು. ನಮ್ಮ ಒಡೇರು ಬಂದು ಉಣ್ಣಿ ಕಂಕಣಾ ಕಟ್ಟಿದ್ರು. ತಾಳಿ ಕಟ್ಟಿದಾ. ಅಕ್ಕಿಕಾಳು ಬಿತ್ತು. ಭಂಡಾರದ ಅರಿಷಿಣಾ ಹಾರಿಸಿ ಡೊಳ್ಳು ಬಾರ್ಸಿದ್ರು. ಎಲ್ಲಾರೂ ಉಂಡ್ರು."

"ಬೆಂಕಿ?"

"ಒಲ್ಯಾಗ ಇತ್ತಲ್ರಿ, ಅಡಗಿಗೆ."

ಆ ಒಡೆಯರು, ಅಂದರೆ ಅವರ ಕುಲದ ಪೂಜಾರಿ, ತೀರಿಕೊಂಡಿದ್ದರು. ಉಂಡವರಲ್ಲಿ ಬೀರಪ್ಪನ ಎದುರು ಸಾಕ್ಷಿ ಹೇಳಲು ಮುಂದೆ ಬಂದವನು ಅಣ್ಣ ಭರಮಪ್ಪ ಒಬ್ಬನೇ. ಕಾಕಾ ಪ್ರಕರಣವನ್ನು ನನಗೆ ಕೊಟ್ಟರು. ಮಾಳವ್ವ ಬೀರಪ್ಪನ ಧರ್ಮಪತ್ನಿ ಎಂದು ಘೋಷಿಸಬೇಕು ಎಂಬ ದಾವೆ.

ಎದುರಿನ ವಕೀಲರು ಹಳೆಯ ಹುಲಿ. ಭರಮಪ್ಪನನ್ನು ಪಾಟೀಸವಾಲಿನಲ್ಲಿ ಅಟ್ಟಾಡಿಸಿದರು. ಹೋಮ ಇತ್ತೇನು? ಇಲ್ಲ. ಸಪ್ತಪದಿ? ಹಂಗಂದ್ರೇನ್ರಿ? ಮಂತ್ರ? ಡೊಳ್ಳಿನ ಹಾಡು ಹೇಳಿದ್ರರಿ.

"ಕಂಬಳಿ ಮ್ಯಾಲ ಗಂಡು ಹೆಣ್ಣು ಜೋಡಿ ಕುಂತ್ರ ಅದು ಲಗ್ನಾನ?"

"ಹೌದ್ರಿ."

"ಹಂಗಾರ ನೀ ಕುರಿ ಕಾಯಾಕ ಹೋದಾಗ ಕಂಬಳಿ ಮ್ಯಾಲ ಕುಂಡ್ರತಿ. ಎಷ್ಟು ಕುರಿ ಜೋಡಿ ಲಗ್ನ ಆಗೇತಿ ನಿಂದು?"

ಕೋರ್ಟಿನಲ್ಲಿ ನಗು ಎದ್ದಿತು. ಭರಮಪ್ಪನ ಮುಖ ಸಣ್ಣದಾಯಿತು. ಹಿಂದಿನ ಬೆಂಚಿನಲ್ಲಿ ಬೀರಪ್ಪನ ಹಿಂಬಾಲಕರು, ಕೊರಳಿಗೆ ಕೇಸರಿ ಶಲ್ಯ ಹಾಕಿಕೊಂಡ ಹುಡುಗರು, ಎಲ್ಲರಿಗಿಂತ ಹೆಚ್ಚು ನಕ್ಕರು. ಅವರಲ್ಲಿ ಅರ್ಧ ಜನ ಅದೇ ಕುಲದವರು, ಅಂಥದೇ ಕಂಬಳಿಯ ಮೇಲೆ ಕುಳಿತ ಅಪ್ಪ ಅವ್ವಂದಿರ ಮಕ್ಕಳು.

ನನ್ನ ಸರದಿ ಬಂದಾಗ ನಾನು ಮಾಡಿದ್ದೇನು? ಚರ್ಚಾಸ್ಪರ್ಧೆ. ಸಿಂಧೂ ನದಿಯಿಂದ ಶುರು ಮಾಡಿದೆ. ಹಿಂದೂ ಎಂಬುದು ಮೊದಲು ನೆಲದ ಹೆಸರು, ಆಮೇಲೆ ಧರ್ಮದ ಹೆಸರು. ರಾಷ್ಟ್ರದ ಗುಣ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ. ಹೀಗೆ ಗಂಟಲು ಒಣಗುವಷ್ಟು ಹೊತ್ತು. ನ್ಯಾಯಾಧೀಶರು ಸಹನೆಯ ಮನುಷ್ಯ. ನಾನು ನೀರು ಕುಡಿಯಲು ನಿಂತಾಗ ಕನ್ನಡಕ ತೆಗೆದು ಒರೆಸಿಕೊಂಡು, "ವಕೀಲರೇ, ಇಲ್ಲಿ ಶೀಲ್ಡ್ ಕೊಡುವ ಪದ್ಧತಿ ಇಲ್ಲ. ಆ ಮನೆತನದಲ್ಲಿ ರೂಢಿ ಏನಿತ್ತು, ಅದಕ್ಕೆ ಸಾಕ್ಷಿ ಎಲ್ಲಿದೆ?" ಎಂದರು.

ಕಾಯ್ದೆಯಲ್ಲಿ ಇದ್ದದ್ದೂ ಅಷ್ಟೇ. ವಧು ಅಥವಾ ವರ, ಯಾರಾದರೊಬ್ಬರ ಕಡೆಯ ರೂಢಿಯ ಪ್ರಕಾರ ಮದುವೆಯಾಗಿದ್ದರೆ ಸಾಕು. ಸಿಂಧೂ ನದಿಯನ್ನು ರಾಯಬಾಗದವರೆಗೆ ತರುವ ಅಗತ್ಯವೇ ಇರಲಿಲ್ಲ. ಆದರೆ ರೂಢಿಗೆ ಸಾಕ್ಷಿ? ಭರಮಪ್ಪನ ಮಾತು ಕುರಿಯ ನಗೆಯಲ್ಲಿ ತೇಲಿಹೋಗಿತ್ತು. ಬೇರೆ ಹಿರಿಯರನ್ನು ಹೇಗೋ ಒಪ್ಪಿಸಿ ಕರೆದರೂ, 'ಆಕೆಯ ಕಡೆಯವರು, ಹೇಳದೆ ಇನ್ನೇನು' ಎನ್ನುತ್ತಿದ್ದರು.

ಮಾಳಿಗೆಗೆ ಮರಳಿದಾಗ ಕಾಕಾ ಅಡಿಕೆ ಕತ್ತರಿಸುತ್ತ ಕುಳಿತಿದ್ದರು. "ಲೇ ಶೀಲ್ಡು, ನೀ ಯಾಕ ಮಾತಾಡಿದಿ? ಕೋರ್ಟಿನ್ಯಾಗ ಮಾತಾಡೂ ಚಟಾ ನಿನಗಷ್ಟ ಐತಿ ಅಂತ ತಿಳಕೊಂಡಿಯೇನು? ನಿನಗಿಂತ ದೊಡ್ಡ ಚಟದಾಂವ ಎದುರಿಗೆ ಅದಾನ. ಹೋಗಿ ಕೇಳ್ಯಾದರೂ ಬಾ."

ಆ ವಾರವೇ ನಿಪ್ಪಾಣಿಯಲ್ಲಿ ವೀರೇಂದ್ರಜೀಯವರ ಸಭೆ ಇತ್ತು. ಕಾಂಬಳೆ ಮಾಸ್ತರರನ್ನು ಜೊತೆಗೆ ಕರೆದುಕೊಂಡು ಹೋದೆ. ತಮಾಷೆ ಬಿಟ್ಟು ಹೇಳುತ್ತೇನೆ, ಒಳ್ಳೆಯ ವಾಗ್ಮಿ. ನನಗೆ ಶೀಲ್ಡ್ ಕೊಟ್ಟವರು ಅವನನ್ನು ಕೇಳಿದ್ದರೆ ಎರಡನ್ನೂ ವಾಪಸು ಪಡೆಯುತ್ತಿದ್ದರು. ಅರ್ಧ ಮರಾಠಿ, ಅರ್ಧ ಕನ್ನಡ. "ಹಿಂದೂ ಅಂದ್ರ ಯಾರು? ಪುಸ್ತಕಾ ಕೇಳಬ್ಯಾಡ್ರಿ, ನನ್ನ ಕೇಳ್ರಿ! ಈ ಮಣ್ಣಾಗ ಅಪ್ಪ ಮುತ್ತ್ಯಾರು ಹೆಂಗ ನಡದಾರ ಹಂಗ ನಡ್ಯಾಂವ ಹಿಂದೂ. ಅಂವಗ ಪೀತಾಂಬರ ಇರ್ಲಿ, ಕಂಬಳಿ ಇರ್ಲಿ! ಗುಡಿ ಇರ್ಲಿ, ಹಟ್ಟಿ ಇರ್ಲಿ! ಅದ ಈ ರಾಷ್ಟ್ರದ ಗುಣ!" ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಮಾಸ್ತರರು ನನ್ನ ಕಿವಿಯಲ್ಲಿ, "ಇದರಾಗ ನಾನೂ ಬಂದ್ನೇನ್ರಿ?" ಎಂದರು.

"ನೀವು ಗೊತ್ತಿಲ್ಲ. ಮಾಳವ್ವ ಬಂದ್ಳು," ಎಂದೆ.

ಮುಂದಿನ ತಾರೀಖಿಗೆ ಬೀರಪ್ಪನ ಸಾಕ್ಷಿ. ಬಿಳಿ ಜುಬ್ಬಾ, ಹಣೆಗೆ ಉದ್ದ ಕುಂಕುಮ. ಹಿಂದೆ ಎರಡು ಬೆಂಚು ತುಂಬ ಶಲ್ಯದ ಹುಡುಗರು. ತನ್ನ ಮುಖ್ಯ ಹೇಳಿಕೆಯಲ್ಲಿ, ಅಗ್ನಿಸಾಕ್ಷಿ ಇಲ್ಲದ್ದರಿಂದ ಮಾಳವ್ವನ ಜೊತೆ ತನ್ನ ಮದುವೆಯೇ ಆಗಿಲ್ಲ ಎಂದು, ಪಾಠ ಒಪ್ಪಿಸಿದ ಹಾಗೆ ಹೇಳಿ ಮುಗಿಸಿದ. ನಾನು ಎದ್ದೆ. ಸಿಂಧೂ ನದಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ.

"ನೀವು ಹಿಂದೂ ಅದೀರೇನ್ರಿ?"

"ಅಭಿಮಾನದಿಂದ!"

"ನಿಮ್ಮ ತಂದಿ?"

"ಅವರೂ ಅಪ್ಪಟ ಹಿಂದೂ."

"ತಾಯಿ?"

"ತಾಯಿನೂ. ಇದೇನ ಪ್ರಶ್ನಿ?"

"ನಿಮ್ಮ ತಂದಿ ತಾಯಿ ಲಗ್ನದಾಗ ಹೋಮ ಇತ್ತೇನ್ರಿ?"

ಅವನ ವಕೀಲರು ಗಡಬಡಿಸಿ ಎದ್ದರು. ಸಂಬಂಧವಿಲ್ಲದ ಪ್ರಶ್ನೆ ಎಂದರು. ನ್ಯಾಯಾಧೀಶರು ರೂಢಿಗೆ ಸಂಬಂಧಿಸಿದ್ದು, ಉತ್ತರಿಸಲಿ ಎಂದರು. ಬೀರಪ್ಪ ತಿರುಗಿ ಹಿಂದಿನ ಬೆಂಚು ನೋಡಿದ. ನಾನೂ ನೋಡಿದೆ. ಕುರಿಯ ಮಾತಿಗೆ ಅಷ್ಟು ನಕ್ಕಿದ್ದ ಹುಡುಗರು ಈಗ ನಗುತ್ತಿರಲಿಲ್ಲ. ಕಂಬಳಿಯ ಲಗ್ನ ಲಗ್ನವಲ್ಲ ಎಂದು ಅವನು ಹೇಳಿದರೆ ತನ್ನ ತಾಯಿಯ ಜೊತೆಗೆ ಅವರೆಲ್ಲರ ತಾಯಂದಿರನ್ನೂ ಒಂದೇ ಮಾತಿನಲ್ಲಿ ಮನೆಯಿಂದ ಹೊರಗೆ ಹಾಕಿದಂತೆ. ಲಗ್ನ ಹೌದು ಎಂದರೆ ದಾವೆ ಸೋತ. ಚರ್ಚಾಸ್ಪರ್ಧೆಯಲ್ಲಿ ಇಂಥ ಜಾಗಕ್ಕೆ ಎದುರಾಳಿಯನ್ನು ತಂದು ನಿಲ್ಲಿಸಲು ನಾವು ವರ್ಷಗಟ್ಟಲೆ ಕಲಿಯುತ್ತಿದ್ದೆವು.

"ಕಂಬಳಿ ಮ್ಯಾಲ ಕುಂತಿದ್ರೇನ್ರಿ ನಿಮ್ಮ ತಾಯಿ?"

"ಕುಂತಿದ್ರು! ಏನೀಗ?"

"ಏನಿಲ್ಲ. ಹೋಮ ಇಲ್ಲಂದ್ರ ಅದು ಹಿಂದೂ ಲಗ್ನ ಹೌದೋ ಅಲ್ಲೋ ಅಂತ ತಿಳ್ಕೊಳ್ಳಾಕ ಕೇಳಿದೆ."

"ಏನ್ ಮಾತಾಡ್ತೀರಿ ವಕೀಲ್ರ?" ಬೀರಪ್ಪನ ಕೈ ಮೇಲೆ ಹೋಯಿತು. ಕೈ ಮೇಲೆ ಹೋದದ್ದೇ, ಅವನು ಇನ್ನು ಸಾಕ್ಷಿಕಟ್ಟೆಯಲ್ಲಿ ಇಲ್ಲ, ವೇದಿಕೆಯ ಮೇಲಿದ್ದಾನೆ ಎಂದು ನನಗೆ ತಿಳಿಯಿತು. "ಹೋಮಾ ಬೇಕಂತ ಯಾರಂದಾರ? ಅಪ್ಪ ಮುತ್ತ್ಯಾರು ಹೆಂಗ ನಡದಾರ ಹಂಗ ನಡ್ಯಾಂವ ಹಿಂದೂ! ಪೀತಾಂಬರ ಇರ್ಲಿ, ಕಂಬಳಿ ಇರ್ಲಿ..."

ಅವನ ವಕೀಲರು ಜುಬ್ಬಾ ಹಿಡಿದು ಎಳೆಯುವುದೊಂದು ಬಾಕಿ. "ವೀರೇಂದ್ರಜೀ, ಕೇಳಿದ್ದಕ್ಕಷ್ಟ ಉತ್ತರಾ..." ಎಂದರೆ, "ತಡೀರಿ ನೀವು, ಕೇಳ್ಯಾರ, ಹೇಳ್ತೇನಿ," ಎಂದು ಗದರಿದ. ಭಾಷಣ ಪೂರ್ತಿಯಾಯಿತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ತಡೆಯಲಾರದೆ ಚಪ್ಪಾಳೆ ತಟ್ಟಿದ. ಪೇದೆ ಅವನನ್ನು ಹೊರಗೆ ಕಳಿಸಿದ. ನ್ಯಾಯಾಧೀಶರು ಶಾಂತವಾಗಿ ಬೆರಳಚ್ಚುಗಾರನಿಗೆ ಹೇಳುತ್ತ ಹೋದರು: ನಮ್ಮ ಮನೆತನದಲ್ಲಿ ಕಂಬಳಿ ಹಾಸಿ, ಉಣ್ಣೆಯ ಕಂಕಣ ಕಟ್ಟಿ ಮದುವೆ ಮಾಡುವ ರೂಢಿ ತಲೆತಲಾಂತರದಿಂದ ಇದೆ ಎಂಬುದು ನಿಜ. ಹೋಮ ಅಗತ್ಯವಿಲ್ಲ ಎಂಬುದು ನಿಜ. ನನ್ನ ತಂದೆತಾಯಿಯ ಮದುವೆ ಹಾಗೆಯೇ ಆಗಿದ್ದು ನಿಜ. ಟೈಪ್‌ರೈಟರಿನ ಸದ್ದು ನಿಂತಾಗ ಬೀರಪ್ಪನ ಕೈ ಇನ್ನೂ ಮೇಲೇ ಇತ್ತು.

"ಪ್ರಶ್ನೆ ಇಲ್ಲ," ಎಂದು ಕುಳಿತೆ. ಎಳೆಯರೇ, ಪಾಟೀಸವಾಲಿನಲ್ಲಿ ಯಾವಾಗ ಕುಳಿತುಕೊಳ್ಳಬೇಕು ಎಂಬುದೇ ವಿದ್ಯೆ. ನಿಲ್ಲುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ.

ತೀರ್ಪು ನಮ್ಮ ಕಡೆ ಬಂತು. ಮಾಳವ್ವ ಹೆಂಡತಿಯಾದಳು, ಅಂದರೆ ಇದ್ದದ್ದೇ ಆದಳು. ಆ ದಿನ ಕೋರ್ಟಿನ ಬೇವಿನ ಗಿಡದ ಕೆಳಗೆ ನಿಪ್ಪಾಣಿಯ ಸುನಂದಾ ಒಬ್ಬಳೇ ನಿಂತಿದ್ದಳು. ಅಗ್ನಿಯ ಸುತ್ತ ಏಳು ಹೆಜ್ಜೆ ಬಿಡದೆ ನಡೆದವಳು ಅವಳು; ಮೊದಲ ಮದುವೆ ಊರ್ಜಿತವಾದ ಮೇಲೆ ಅವಳು ಏನೂ ಅಲ್ಲ. ಮಾಳವ್ವ ಹಾದುಹೋಗುವಾಗ ಅವಳ ಹತ್ತಿರ ನಿಂತಳು. ಬಯ್ಯುತ್ತಾಳೆ ಎಂದುಕೊಂಡೆ. "ಊಟಾ ಮಾಡಿ ಬಂದಿಯೇನ ತಂಗಿ?" ಎಂದು ಕೇಳಿ ಮುಂದೆ ಹೋದಳು. ರಾಷ್ಟ್ರದ ಗುಣದ ಬಗ್ಗೆ ನಾನು ಕೇಳಿದ ಭಾಷಣಗಳಲ್ಲಿ, ನನ್ನವನ್ನೂ ಸೇರಿಸಿ, ಇಷ್ಟು ಚಿಕ್ಕದು ಬೇರೆ ಇಲ್ಲ.

ಬೀರಪ್ಪನಿಗೇನೂ ನಷ್ಟವಾಗಲಿಲ್ಲ. 'ಕೋರ್ಟಿನಲ್ಲೂ ಧರ್ಮಕ್ಕಾಗಿ ತನ್ನ ಸ್ವಂತ ಗೆಲುವನ್ನೇ ಬಲಿಕೊಟ್ಟ ವೀರೇಂದ್ರಜೀ' ಎಂದು ಅವನ ಹುಡುಗರು ಮುಂದಿನ ಸಭೆಯಲ್ಲಿ ಪರಿಚಯ ಮಾಡಿಕೊಟ್ಟರಂತೆ. ಕಾಂಬಳೆ ಮಾಸ್ತರರು ಬಂದು ಹೇಳಿದಾಗ ಕಾಕಾ ಅಡಿಕೆ ನುಂಗಿಬಿಟ್ಟರು.

ಶಾಂತಾಳ ಮದುವೆ ಹಾರೂಗೇರಿಯಲ್ಲಿ. ಕಾಕಾ, ಮಾಸ್ತರರು, ನಾನು ಮೂವರೂ ಹೋದೆವು. ಕರಿ ಕಂಬಳಿ ಹಾಸಿದ್ದರು. ಅದರ ಮೇಲೆ ವಧೂವರರು, ಪಕ್ಕದಲ್ಲಿ ಮಾಳವ್ವ, ಅವಳ ಪಕ್ಕದಲ್ಲಿ, ಬೇರೆ ದಾರಿಯಿಲ್ಲದೆ, ಬೀರಪ್ಪ. ಹೊಸ ಒಡೆಯರು ಉಣ್ಣೆಯ ಕಂಕಣ ಕಟ್ಟಿದರು. ಭಂಡಾರ ಹಾರಿತು. ನಾನು ಗೆದ್ದ ರೂಢಿಯನ್ನು ಕಣ್ಣಾರೆ ನೋಡುತ್ತಿದ್ದೇನೆ ಎಂದು ಉಬ್ಬಿಹೋದೆ. ಅಷ್ಟರಲ್ಲಿ ಭರಮಪ್ಪ ಇಟ್ಟಿಗೆ ತಂದು ಜೋಡಿಸಿದ. ಚಿಕ್ಕೋಡಿಯಿಂದ ಕರೆಸಿದ ಭಟ್ಟರು ಬಂದು ಕುಳಿತು ಹೋಮ ಹೊತ್ತಿಸಿದರು. ಮಾಳವ್ವ ಎದ್ದು ಹೋಗಿ ವಿಡಿಯೋದವನ ಬೆನ್ನ ಹಿಂದೆ ನಿಂತಳು. "ಏಳೂ ಹೆಜ್ಜಿ ಬರಬೇಕ ನೋಡ ತಮ್ಮಾ. ಒಂದೂ ಬಿಡಬ್ಯಾಡ. ಕಾಲು ಕಾಣಬೇಕು."

ನಮ್ಮ ಕಡೆಯ ಕುಲಗಳೆಲ್ಲ ಒಂದೇ ಥರ ಮದುವೆಯಾಗಲು ಶುರು ಮಾಡಿದ್ದು ಇಂಥ ವೀರೇಂದ್ರರ ಭಾಷಣ ಕೇಳಿ ಎಂದು ಈಗಿನವರು ಲೇಖನ ಬರೆಯುತ್ತಾರೆ. ಅಷ್ಟು ಕೀರ್ತಿಯನ್ನು ಭಾಷಣಕಾರರಿಗೇ ಕೊಡಬೇಡಿ. ಅದರಲ್ಲಿ ದೊಡ್ಡ ಪಾಲು ವಕೀಲರದು.

ಊಟದ ಪಂಕ್ತಿಯಲ್ಲಿ ಮಾಳವ್ವ ಹುಗ್ಗಿ ಬಡಿಸಲು ಬಂದಾಗ ತಡೆಯಲಾಗದೆ ಕೇಳಿದೆ. "ಅಲ್ಲವ್ವಾ, ಬೆಂಕಿ ಬೇಕಿಲ್ಲ, ಕಂಬಳಿ ಸಾಕು ಅಂತ ಕೋರ್ಟ ಹೇಳೇತಿ. ಗೆದ್ದೇವಿ. ಮತ್ತ ಇದ್ಯಾಕ?"

ಅವಳು ಅಳಿಯನ ಕಡೆ ಕಣ್ಣು ಹಾಯಿಸಿದಳು. ಸಭ್ಯ ಹುಡುಗ, ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ, ತಲೆ ತಗ್ಗಿಸಿ ಉಣ್ಣುತ್ತಿದ್ದ.

"ನಾ ಗೆದ್ದಿದ್ದು ನನ್ನ ಗಂಡ ಬಾಯಿಬಡಕ ಅಂತ್ರಿ ವಕೀಲ್ರ," ಎಂದಳು ಮಾಳವ್ವ, ನನ್ನ ಎಲೆಗೆ ಇನ್ನೊಂದು ಸೌಟು ಸುರಿದು. "ಈ ಅಳಿಯಾ ಮಾತ ಆಡಂಗಿಲ್ಲ. ನಾಳಿ ಕೋರ್ಟಿನ್ಯಾಗ ಇಂವನ ಬಾಯಿ ಯಾರು ತಗಸ್ಬೇಕು?"